ಕಣ್ಣು ಮುಚ್ಚಿ ಮಾಡಿದ ಮಣ್ಣಿನ ಮುದ್ದೆಯಲ್ಲಿ ತೂತು ಬಂದರೆ ಏನರ್ಥ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಹೆಸರು ಹಾಕಬೇಡಿ. ಬ್ರಹ್ಮಾವರದ ಹತ್ತಿರ ನಮ್ಮ ಮನೆ. ವಯಸ್ಸು 47. ನಮ್ಮವರು ಕುವೈತ್‌ನಲ್ಲಿದ್ದಾರೆ, ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಅತ್ತೆಗೆ ಪಾರ್ಶ್ವವಾಯು ಆಗಿ 4 ವರ್ಷ ಹಾಸಿಗೆಯಲ್ಲೇ ಇದ್ದರು. ಸ್ನಾನ, ಊಟ ಎಲ್ಲ ನಾನೇ ಮಾಡಿಸಿದ್ದು. ಅವರು ಹೋಗಿ 7 ತಿಂಗಳಾಯಿತು. ಅವತ್ತು ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ನಿದ್ದೆ ಸರಿಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತ ಡಾಕ್ಟರ ಹತ್ತಿರ ಹೋಗಿದ್ದೆ. 5 ತಿಂಗಳಿಂದ ಎಸ್ಸಿಟಾಲೊಪ್ರಾಂ ಎಂಬ ಖಿನ್ನತೆಯ ಮಾತ್ರೆ 10 ಎಂಜಿ ತೆಗೆದುಕೊಳ್ಳುತ್ತಿದ್ದೆ. ಸ್ವಲ್ಪ ಶುಗರ್ ಕೂಡ ಇದೆ.

ಹೋದ ಭಾನುವಾರ ನಾದಿನಿ ಮಂಗಳೂರಿನಲ್ಲಿ ಒಂದು ಮಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದಳು. ಮಣ್ಣಿನಿಂದ ನಮ್ಮನ್ನು ನಾವು ತಿಳಿದುಕೊಳ್ಳುವ ಶಿಬಿರ ಅಂತೆ. ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಒಂದು ಮುದ್ದೆ ಕೊಟ್ಟರು. ಏನು ಬರುತ್ತದೋ ಬರಲಿ ಅಂದರು. ಬಟ್ಟೆ ಬಿಚ್ಚಿ ನೋಡಿದರೆ ನನ್ನ ಮುದ್ದೆಯ ನಡುವೆ ಆಳವಾದ ತೂತು. ಶಿಬಿರ ನಡೆಸುವವರು ಎಲ್ಲರ ಎದುರು, "ಇದು ನಿಮ್ಮ ಬಾಲ್ಯದ ಗಾಯ, ಯಾರೋ ನಿಮ್ಮನ್ನು ಖಾಲಿ ಮಾಡಿದ್ದಾರೆ" ಅಂದರು. ಕೊನೆಗೆ ಎಲ್ಲರೂ ಕಿರುಚಿ ತಮ್ಮ ಮುದ್ದೆಯನ್ನು ನೆಲಕ್ಕೆ ಅಪ್ಪಳಿಸಬೇಕಿತ್ತು. ನನಗೆ ಮನಸ್ಸು ಬರಲಿಲ್ಲ, ಹಾಗೇ ಮನೆಗೆ ತಂದೆ. ಅದಕ್ಕೆ "ನೀವು ನಿಮ್ಮ ನೋವನ್ನು ಬಿಡಲು ತಯಾರಿಲ್ಲ" ಅಂದರು. ಮಣ್ಣು ಹಿಡಿದರೆ ಮಾತ್ರೆ ಬೇಕಾಗಿಲ್ಲ ಅಂತಲೂ ಹೇಳಿದರು. ಅವತ್ತು ರಾತ್ರಿಯಿಂದಲೇ ಬಿಟ್ಟಿದ್ದೇನೆ. ಬುಧವಾರದಿಂದ ನಿದ್ದೆ ಪೂರ್ತಿ ಹೋಗಿದೆ. ತಲೆ ತಿರುಗುತ್ತದೆ, ಕಣ್ಣು ಆಚೀಚೆ ಹೊರಳಿಸಿದರೆ ತಲೆಯೊಳಗೆ ಶಾಕ್ ಹೊಡೆದ ಹಾಗಾಗುತ್ತದೆ. ಜಗಲಿಯಲ್ಲಿಟ್ಟ ಆ ಮುದ್ದೆ ಈಗ ತೂತಿನ ಅಂಚಿನಿಂದ ಬಿರುಕು ಬಿಟ್ಟಿದೆ. ನೋಡಿದರೆ ಹೆದರಿಕೆ. ನನ್ನ ಬಾಲ್ಯ ಚೆನ್ನಾಗಿಯೇ ಇತ್ತು ಅಂದುಕೊಂಡಿದ್ದೆ.

ಆದರೂ ಮತ್ತೆ ಮಣ್ಣು ಹಿಡಿಯಬೇಕು ಅನ್ನಿಸುತ್ತದೆ. ನಾದುವಾಗ ಅತ್ತೆಯ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದದ್ದು ನೆನಪಾಯಿತು, ಅದು ಬಿಡಿ. ಪಕ್ಕದ ಮನೆಯವರು ಗದ್ದೆಯ ಮಣ್ಣು ತೆಗೆದುಕೊಡುತ್ತೇನೆ ಅನ್ನುತ್ತಾರೆ. ಮನೆಯಲ್ಲಿ ಒಬ್ಬಳೇ ಮಾಡಬಹುದಾ? ಈ ಮುದ್ದೆಯನ್ನು ಏನು ಮಾಡಲಿ, ಹೊಳೆಗೆ ಬಿಡಲಾ?

ಉತ್ತರ: ಮೊದಲು ಮಾತ್ರೆಯ ವಿಷಯ. ಇದೊಂದನ್ನು ನಿಮ್ಮ ಪತ್ರ ಬಂದ ದಿನವೇ ನಿಮಗೆ ಬೇರೆಯಾಗಿ ಬರೆದು ಕಳಿಸಿದ್ದೇನೆ. ಹೀಗೆ ಮಾಡಿಕೊಳ್ಳುವವರು ನೀವೊಬ್ಬರೇ ಅಲ್ಲ, ಅದಕ್ಕೆ ಇಲ್ಲಿಯೂ ಹೇಳುತ್ತೇನೆ.

ಭಾನುವಾರ ರಾತ್ರಿ ಮಾತ್ರೆ ನಿಂತಿತು. ಬುಧವಾರ ತಲೆ ತಿರುಗುವುದು, ನಿದ್ದೆಗೇಡು, ಶಾಕ್ ಹೊಡೆದ ಅನುಭವ ಶುರುವಾಯಿತು. ನೀವು ಇದನ್ನು ಮಣ್ಣಿನ ಲೆಕ್ಕಕ್ಕೆ ಬರೆದಿದ್ದೀರಿ. ನನಗೆ ಕಾಣುವುದು ಮಾತ್ರೆಯ ಲೆಕ್ಕ. ಎಸ್ಸಿಟಾಲೊಪ್ರಾಂ ಜಾತಿಯ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನ ಕಳೆದ ಮೇಲೆ ಇದೇ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಕಣ್ಣು ಹೊರಳಿಸಿದಾಗ ತಲೆಯೊಳಗೆ ಕರೆಂಟ್ ಹರಿದ ಹಾಗಾಗುವುದಂತೂ ಇದರ ಗುರುತು. ಮಾತ್ರೆ ನಿಧಾನವಾಗಿ ರಕ್ತದಿಂದ ಇಳಿದುಹೋಗುತ್ತದೆ, ಅದಕ್ಕೇ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಇದು ಚಟವೂ ಅಲ್ಲ, ನಿಮ್ಮೊಳಗಿಂದ ಏನೋ ಎದ್ದು ಬಂದದ್ದೂ ಅಲ್ಲ. ಮಾತ್ರೆ ಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಯಾವ ದಿನದಿಂದ ಬಿಟ್ಟಿದ್ದೀರಿ ಎಂದು ಹೇಳಿ. ಮತ್ತೆ ಶುರು ಮಾಡುವುದೋ, ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸುವುದೋ, ಅವರು ನೋಡಿಕೊಳ್ಳುತ್ತಾರೆ. ನಾನು ಮನಶ್ಶಾಸ್ತ್ರಜ್ಞೆ, ಮಾತ್ರೆ ಬರೆಯುವವಳಲ್ಲ. ಬಿಡಿಸುವವಳೂ ಅಲ್ಲ. ಮಣ್ಣಿನ ಶಿಬಿರ ನಡೆಸುವವರಿಗೂ ಆ ಅಧಿಕಾರವಿಲ್ಲ.

ಇನ್ನು ತೂತು.

ನೀವು ಈಗಲೇ ಒಂದು ಕೆಲಸ ಮಾಡಬಹುದು. ಚಪಾತಿ ಹಿಟ್ಟಿನ ದೊಡ್ಡ ಉಂಡೆ ತೆಗೆದುಕೊಳ್ಳಿ. ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಹಿಡಿದು ಸುಮ್ನೆ ಒತ್ತುತ್ತಾ ಇರಿ. ನಾಲ್ಕು ಬೆರಳುಗಳು ಹೊರಗಿನಿಂದ ಉಂಡೆಯನ್ನು ಅಪ್ಪಿ ಹಿಡಿಯುತ್ತವೆ. ಎರಡು ಹೆಬ್ಬೆರಳುಗಳಿಗೆ ಉಳಿಯುವ ಜಾಗ ಮೇಲ್ಗಡೆಯ ನಡುಭಾಗ ಮಾತ್ರ. ಒತ್ತಿದರೆ ಅವು ಕೆಳಗೇ ಇಳಿಯಬೇಕು. ಎರಡು ನಿಮಿಷದಲ್ಲಿ ಗುಂಡಿ ಬೀಳುತ್ತದೆ, ಐದು ನಿಮಿಷದಲ್ಲಿ ಆಳವಾಗುತ್ತದೆ. ಕೈಯ ರಚನೆಯೇ ಹಾಗೆ. ಮಣ್ಣಿನ ಕ್ಲಾಸಿಗೆ ಹೊಸದಾಗಿ ಬಂದವರಿಗೆ ಮೊದಲು ಕಲಿಸುವ ಬಟ್ಟಲು ಕೂಡ ಇದೇ. ಅದನ್ನು ಪಿಂಚ್ ಪಾಟ್ ಅನ್ನುತ್ತಾರೆ. ನನ್ನ ಕೌನ್ಸೆಲಿಂಗ್ ಕೋಣೆಯ ಮೂಲೆಯಲ್ಲಿ ಒಂದು ಡಬ್ಬ ಜೇಡಿಮಣ್ಣು ಯಾವಾಗಲೂ ಇರುತ್ತದೆ. ಏನು ಮಾಡಬೇಕೆಂದು ಹೇಳದೆ ಮುದ್ದೆ ಕೊಟ್ಟರೆ ಜಾಸ್ತಿ ಜನ ಮಾಡುವುದು ಗುಂಡಿ, ಉಂಡೆ, ಹಾವಿನಂಥ ಹುರಿ, ಇವಿಷ್ಟೇ. ತುಂಬಾ ದುಃಖದಲ್ಲಿರುವವರೂ ಇದನ್ನೇ ಮಾಡುತ್ತಾರೆ, ಅಮ್ಮನ ಜೊತೆ ಸುಮ್ಮನೆ ಬಂದ ಮಕ್ಕಳೂ ಇದನ್ನೇ ಮಾಡುತ್ತಾರೆ. ಪೆರ್ಡೂರಿನ ಕಡೆಯ ಕುಂಬಾರರು ಜೀವಮಾನವಿಡೀ ಮುದ್ದೆಯ ನಡುವೆ ತೂತು ಮಾಡಿಯೇ ಮಡಕೆ ಎಬ್ಬಿಸಿದವರು. ಅವರಿಗೆಲ್ಲ ಬಾಲ್ಯದ ಗಾಯವಾ?

ಇಂಥ ಆಕಾರ ಬಂದರೆ ಇಂಥ ನೋವು ಎಂದು ಹೇಳುವ ನಂಬಬಹುದಾದ ನಿಘಂಟು ಯಾವುದೂ ಇಲ್ಲ. ಒಂದೇ ಗುಂಡಿ ಒಬ್ಬರಿಗೆ ಬಾವಿಯಾಗಿ ಕಾಣುತ್ತದೆ, ಇನ್ನೊಬ್ಬರಿಗೆ ಗೂಡಾಗಿ, ಮತ್ತೊಬ್ಬರಿಗೆ ಬರೀ ಗುಂಡಿಯಾಗಿ. ಅದು ಏನು ಎಂದು ಹೇಳುವ ಹಕ್ಕು ಮಾಡಿದವರದು. ಏನೂ ಅಲ್ಲ ಎಂದು ಹೇಳುವ ಹಕ್ಕೂ ಅವರದೇ. ಸರಿಯಾಗಿ ಕಲಿತು ಈ ಕೆಲಸ ಮಾಡುವವರು ಪಕ್ಕದಲ್ಲಿ ಕುಳಿತು ಹೆಚ್ಚೆಂದರೆ "ಇದನ್ನು ಮಾಡುವಾಗ ಹೇಗನ್ನಿಸಿತು?" ಎಂದು ಕೇಳುತ್ತಾರೆ. ಹತ್ತು ಜನರ ಎದುರು ನಿಮ್ಮ ಬಾಲ್ಯಕ್ಕೆ ಹಣೆಪಟ್ಟಿ ಅಂಟಿಸುವುದಿಲ್ಲ. ಇಂಥ ಮಾತಿನಿಂದ ಆಗುವ ಕೆಡುಕು ಸಣ್ಣದಲ್ಲ. ಯಾರೋ ದೃಢವಾಗಿ ಹೇಳಿಬಿಟ್ಟರೆ ಮನಸ್ಸು ಹಳೆಯ ನೆನಪುಗಳನ್ನೆಲ್ಲ ಕೆದಕಿ ಅದಕ್ಕೆ ಸಾಕ್ಷಿ ಹುಡುಕಲು ಶುರು ಮಾಡುತ್ತದೆ. ನೀವೀಗ ರಾತ್ರಿ ಮಾಡುತ್ತಿರುವುದು ಅದನ್ನೇ ಅಲ್ವಾ? ನಿಮ್ಮ ಬಾಲ್ಯ ಚೆನ್ನಾಗಿತ್ತು ಎಂದು ನಿಮಗೆ ಅನ್ನಿಸಿದ್ದರೆ ಅದನ್ನು ಅನುಮಾನಿಸಲು ಒಂದು ಹೆಬ್ಬೆರಳಿನ ಗುಂಡಿ ಸಾಲದು.

ಕಣ್ಣು ಕಟ್ಟುವುದನ್ನು ಮಾತ್ರ ಅವರೇ ಕಂಡುಹಿಡಿದದ್ದಲ್ಲ. ಜರ್ಮನಿಯಲ್ಲಿ ಹೈಂಟ್ಸ್ ಡಾಯ್ಸರ್ ಎಂಬವರು 1972ರಲ್ಲಿ ಒಂದು ಪದ್ಧತಿ ಶುರು ಮಾಡಿದರು. ಚಪ್ಪಟೆಯಾದ ಮರದ ಪೆಟ್ಟಿಗೆಯ ತುಂಬ ಜೇಡಿಮಣ್ಣು ಹಾಕಿ, ಕಣ್ಣು ಮುಚ್ಚಿಕೊಂಡು, ಏನನ್ನೂ ತಯಾರಿಸುವ ಗುರಿ ಇಲ್ಲದೆ ಕೈಯಾಡಿಸುವುದು. ಅಲ್ಲಿ ತರಬೇತಿಯಾದ ಒಬ್ಬರು ನಿಮ್ಮ ಎದುರೇ ಕುಳಿತಿರುತ್ತಾರೆ. ಕಣ್ಣು ಮುಚ್ಚಿದಾಗ ಮುಟ್ಟುವಿಕೆಯ ಅನುಭವ ಗಾಢವಾಗುತ್ತದೆ, ಮನಸ್ಸಿನ ಕಾವಲು ಸಡಿಲವಾಗುತ್ತದೆ. ಅದಕ್ಕೇ ಯಾರಾದರೂ ಜೊತೆಗಿರಬೇಕು. ಅಪರಿಚಿತರ ಗುಂಪಿನಲ್ಲಿ, ಅರ್ಧ ದಿನದ ಶಿಬಿರದಲ್ಲಿ, ಹಿಂದುಮುಂದು ಕೇಳದೆ ಕಣ್ಣಿಗೆ ಬಟ್ಟೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಬಿರುಕಿನ ಬಗ್ಗೆ ಹೆದರಬೇಡಿ, ಅದು ಬರೀ ನೀರಿನ ಕೆಲಸ. ಜೇಡಿಮಣ್ಣಿನ ಕಣಗಳು ತೀರಾ ಸಣ್ಣ, ಚಪ್ಪಟೆಯಾದ ಹಾಳೆಗಳು. ನಡುವೆ ನೀರಿನ ಪದರ ಇರುವುದರಿಂದ ಒಂದರ ಮೇಲೊಂದು ಜಾರುತ್ತವೆ. ಒತ್ತಿದ ಆಕಾರ ಹಾಗೇ ನಿಲ್ಲುವುದೂ ಇದರಿಂದಲೇ. ನೀರು ಆರಿದ ಹಾಗೆ ಹಾಳೆಗಳು ಹತ್ತಿರ ಬಂದು ಮಣ್ಣು ಕುಗ್ಗುತ್ತದೆ. ಒಣಗುವಾಗಲೇ ಸಾಮಾನ್ಯವಾಗಿ ನೂರಕ್ಕೆ 5ರಿಂದ 8 ಭಾಗ ಕುಗ್ಗುವುದುಂಟು. ನಿಮ್ಮ ಮುದ್ದೆಯಲ್ಲಿ ಗುಂಡಿಯ ಅಂಚು ತೆಳು, ತಳ ದಪ್ಪ. ಜಗಲಿಯ ಗಾಳಿಗೆ ಅಂಚು ಬೇಗ ಒಣಗಿ ಕುಗ್ಗಿತು. ತಳ ಹಸಿಯಾಗಿಯೇ ಇತ್ತು, ಕುಗ್ಗಲಿಲ್ಲ. ಎಳೆದಾಟದಲ್ಲಿ ಅಂಚು ಸೀಳಿತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಕಾಲದಿಂದಲೂ ನಮ್ಮೂರಿನವರಿಗೆ ಈ ಪಾಠ ಗೊತ್ತಿದೆ. ಹಸಿ ಹೆಂಚನ್ನು ನೆರಳಿನಲ್ಲಿ ನಿಧಾನಕ್ಕೆ ಒಣಗಿಸಿದರಷ್ಟೇ ಅದು ಸೀಳದೆ, ಸೊಟ್ಟಗಾಗದೆ ಬೇಯಲು ಹೋಗುತ್ತದೆ. ನಿಮ್ಮ ಮುದ್ದೆಗೆ ಮೊದಲ ಎರಡು ದಿನ ಒದ್ದೆ ಬಟ್ಟೆ ಮುಚ್ಚಿದ್ದರೆ ಪ್ರಾಯಶಃ ಬಿರುಕು ಬೀಳುತ್ತಿರಲಿಲ್ಲ.

ಅದನ್ನು ಏನು ಮಾಡುವುದು ಎಂದು ಕೇಳಿದ್ದೀರಿ. ನಿಮಗೆ ಇಟ್ಟುಕೊಳ್ಳಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ಬೇಡವಾದರೆ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಒಂದು ಬಕೆಟ್ ನೀರಿಗೆ ಹಾಕಿ. ಸುಡದ ಮಣ್ಣು ಒಂದೆರಡು ದಿನದಲ್ಲಿ ಕರಗಿ ಮತ್ತೆ ಬಳಸುವ ಮಣ್ಣಾಗುತ್ತದೆ. ಅರೆಹಸಿಯಾಗಿದ್ದಾಗ ಹಾಕಿದರೆ ಗಟ್ಟಿ ಗಂಟಾಗಿ ಉಳಿಯುತ್ತದೆ, ಕರಗುವುದಿಲ್ಲ. ಹೊಳೆ, ಶಾಸ್ತ್ರ ಯಾವುದೂ ಬೇಕಿಲ್ಲ.

ನೆಲಕ್ಕೆ ಅಪ್ಪಳಿಸದೆ ತಂದಿರಲ್ಲ, ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಸಿಟ್ಟನ್ನು ಹೊರಗೆ ಹಾಕಿದರೆ ಖಾಲಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಆದರೆ ಅದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ಬ್ರಾಡ್ ಬುಶ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಮೊದಲು ಅವರಿಗೆ ಸಿಟ್ಟು ಬರುವ ಹಾಗೆ ಮಾಡಿದರು. ಆಮೇಲೆ ಒಂದು ಗುಂಪು ಸಿಟ್ಟು ತರಿಸಿದವರನ್ನು ನೆನೆಸಿಕೊಂಡು ಬಾಕ್ಸಿಂಗ್ ಚೀಲಕ್ಕೆ ಗುದ್ದಿತು. ಇನ್ನೊಂದು ಗುಂಪು ವ್ಯಾಯಾಮ ಎಂದುಕೊಂಡು ಗುದ್ದಿತು. ಮೂರನೆಯದು ಸುಮ್ನೆ ಕೂತಿತ್ತು. ಕೊನೆಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಉಳಿದದ್ದು ನೆನೆಸಿಕೊಂಡು ಗುದ್ದಿದವರಲ್ಲಿ. ಸುಮ್ಮನೆ ಕೂತವರು ಅವರಿಗಿಂತ ಶಾಂತವಾಗಿದ್ದರು. ಕಿರುಚಿ ಅಪ್ಪಳಿಸಿದ ಮೇಲೆ ಹಗುರ ಅನ್ನಿಸುವುದು ಸುಳ್ಳಲ್ಲ, ಮೈ ದಣಿದಿರುತ್ತದೆ, ಗುಂಪಿನ ಹುರುಪೂ ಇರುತ್ತದೆ. ಆದರೆ ಆ ಹಗುರವನ್ನೇ ವಾಸಿಯಾಗುವುದು ಎಂದು ಮಾರಬಾರದು. ಮಣ್ಣನ್ನು ಗುದ್ದಿ ಹದ ಮಾಡುವುದು ಬೇರೆ. ಅಲ್ಲಿ ಮನಸ್ಸು ಮಣ್ಣಿನ ಮೇಲಿರುತ್ತದೆ, ಯಾರ ಮೇಲೂ ಅಲ್ಲ.

ಹಾಗಾದರೆ ಮಣ್ಣಿನಿಂದ ಏನೂ ಇಲ್ಲವೇ ಅಂತ ಕೇಳಬಹುದು. ಇದೆ. ಅದು ನಿಮ್ಮ ಪತ್ರದಲ್ಲೇ ಇದೆ, ತೂತಿನ ಬಗ್ಗೆ ಬರೆದ ಕಡೆ ಅಲ್ಲ. "ನಾದುವಾಗ ಅತ್ತೆಯ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದದ್ದು ನೆನಪಾಯಿತು, ಅದು ಬಿಡಿ" ಎಂದು ಬರೆದಿದ್ದೀರಿ. ನಾನು ಬಿಡುವುದಿಲ್ಲ.

ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಗೊತ್ತು, ಆ ಕೆಲಸ ಬಹುಪಾಲು ಅಂಗೈಯದ್ದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನು, ಸೊಂಟ, ಹಿಮ್ಮಡಿ ಕೆಂಪಾಗಿದೆಯಾ ಎಂದು ಮುಟ್ಟಿ ನೋಡಬೇಕು. ಒದ್ದೆ ಬಟ್ಟೆ ಹಿಂಡಿ ಒರೆಸಬೇಕು. ಚರ್ಮ ಎಲ್ಲಿ ತೆಳುವಾಗಿದೆ, ಎಲ್ಲಿ ಮೂಳೆ ತಗಲುತ್ತದೆ, ಎಷ್ಟು ಒತ್ತಿದರೆ ಅವರ ಮುಖ ಹಿಂಡುತ್ತದೆ, ಇದೆಲ್ಲ ಬೆರಳಿಗೆ ಗೊತ್ತಿರುತ್ತದೆ. ಅದನ್ನು ಮಾತಿನಲ್ಲಿ ಯಾರೂ ಕೇಳುವುದಿಲ್ಲ, ಹೇಳುವ ಸಂದರ್ಭವೂ ಬರುವುದಿಲ್ಲ. 4 ವರ್ಷ ಹೀಗೆ ನಡೆದು ಒಂದು ಬೆಳಿಗ್ಗೆ ಕೈಗೆ ಕೆಲಸವೇ ಇಲ್ಲ. ಹಸಿ ಮಣ್ಣು ತಣ್ಣಗಿರುತ್ತದೆ, ಮೆತ್ತಗಿರುತ್ತದೆ, ಒತ್ತಿದರೆ ಒಳಗಾಗುತ್ತದೆ, ಸ್ವಲ್ಪ ಹೊತ್ತಿಗೆ ಕೈಯ ಬಿಸಿ ಹಿಡಿಯುತ್ತದೆ. ಅಂಗೈಗೆ ಆ ಬೆನ್ನು ನೆನಪಾದದ್ದರಲ್ಲಿ ಆಶ್ಚರ್ಯವೇನಿದೆ?

ಮಿದುಳಿನಲ್ಲಿ ಮುಟ್ಟುವಿಕೆಗೆ ಮೀಸಲಾದ ಭಾಗದಲ್ಲಿ ಕೈ, ಬೆರಳುಗಳಿಗೆ ಸಿಕ್ಕಿರುವ ಜಾಗ ಬೆನ್ನು, ಹೊಟ್ಟೆ, ಕಾಲಿಗೆ ಹೋಲಿಸಿದರೆ ತುಂಬಾ ದೊಡ್ಡದು. ಕೆನಡಾದ ಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಕಳೆದ ಶತಮಾನದಲ್ಲಿ ಇದರ ನಕ್ಷೆಯನ್ನೇ ಬಿಡಿಸಿದ್ದರು. ಮಣ್ಣು ಹಿಡಿದಾಗ ಈ ಭಾಗಕ್ಕೆ ಎಡೆಬಿಡದೆ ಸುದ್ದಿ ಹೋಗುತ್ತಿರುತ್ತದೆ. ಗಮನ ಅಲ್ಲಿ ನಿಲ್ಲುತ್ತದೆ, ತಲೆಯಲ್ಲಿ ಸುತ್ತುವ ಮಾತುಗಳು ಸ್ವಲ್ಪ ಹಿಂದೆ ಸರಿಯುತ್ತವೆ. ಮಾತಿಗೆ ಸಿಗದ ನೆನಪುಗಳಿಗೆ ದಾರಿಯಾಗುವುದು ಆಗಲೇ. ಇದರಲ್ಲಿ ಗೂಢ ಏನೂ ಇಲ್ಲ. ಅತ್ತೆಯ ಸೀರೆ ಮಡಿಸುವಾಗಲೂ ಹೀಗಾಗಬಹುದಿತ್ತು.

ಅಳು ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ರೋಗಿಯಾಗುವುದಿಲ್ಲ. ವರ್ಷಗಟ್ಟಲೆ ಆರೈಕೆ ಮಾಡಿದವರಿಗೆ ಸಾವು ಬಂದಾಗ ಮೊದಲು ಅನ್ನಿಸುವುದು ಎಷ್ಟೋ ಸಲ ನಿರಾಳ. ಹಿಂದೆಯೇ ಹಾಗನ್ನಿಸಿತಲ್ಲ ಎಂಬ ನಾಚಿಕೆ. ಅವೆರಡರ ನಡುವೆ ಅಳು ಎಲ್ಲೋ ಸಿಕ್ಕಿಕೊಳ್ಳುತ್ತದೆ. ನಿಮಗೂ ಹೀಗೇ ಆಗಿದೆ ಎಂದು ನಾನು ಹೇಳಿದರೆ ಆ ಶಿಬಿರದವರು ಮಾಡಿದ್ದನ್ನೇ ನಾನೂ ಮಾಡಿದ ಹಾಗೆ. ಆಗಿರಬಹುದು ಎಂದಷ್ಟೇ ಹೇಳುತ್ತೇನೆ, ಹೌದೋ ಅಲ್ಲವೋ ನೀವು ನೋಡಿಕೊಳ್ಳಿ. ಇನ್ನೊಂದು ಸಾಧ್ಯತೆಯೂ ಇದೆ. ನೀವು ತೆಗೆದುಕೊಳ್ಳುತ್ತಿದ್ದ ಜಾತಿಯ ಮಾತ್ರೆಗಳಿಂದ ಕೆಲವರಿಗೆ ಅಳುವೂ ನಗುವೂ ಮಂಕಾಗುವುದುಂಟು. ಇದನ್ನೂ ಡಾಕ್ಟರಿಗೆ ಹೇಳಿ, ಅಗತ್ಯವಿದ್ದರೆ ಅವರು ಬದಲಾಯಿಸುತ್ತಾರೆ. ಹೋದವರಿಗಾಗಿ ದಿನವಿಡೀ ಹಂಬಲಿಸುವುದು, ಮನೆಕೆಲಸವೂ ಮಾಡಲಾಗದಂತೆ ಆಗುವುದು 6 ತಿಂಗಳು ದಾಟಿಯೂ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಅದನ್ನು ಚಿಕಿತ್ಸೆ ಬೇಕಾದ ದುಃಖ ಎಂದು ಗುರುತಿಸುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಅದು ಕಾಣಲಿಲ್ಲ. ಆದರೆ ಪತ್ರ ಓದಿ ಇಲ್ಲ ಎಂದು ಖಂಡಿತವಾಗಿ ಹೇಳಲೂ ಆಗುವುದಿಲ್ಲ.

ಮಣ್ಣು ಔಷಧದ ಬದಲು ನಿಲ್ಲುತ್ತದೆಯೇ? ಇದರ ಬಗ್ಗೆ ಇರುವ ಅಧ್ಯಯನಗಳನ್ನು ಹೆಚ್ಚು ಮಾಡಿ ಹೇಳುವವರೇ ಜಾಸ್ತಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ಜನರಿಗೆ 45 ನಿಮಿಷ ಮಣ್ಣು, ಬಣ್ಣದ ಪೆನ್ನು, ಕಾಗದದ ತುಣುಕು ಕೊಟ್ಟು ಇಷ್ಟ ಬಂದದ್ದನ್ನು ಮಾಡಲು ಬಿಟ್ಟರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಸುಮಾರು ನೂರಕ್ಕೆ 75 ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಕೇಳಲು ಚೆಂದ. ಆದರೆ ಹೋಲಿಸಿ ನೋಡಲು ಸುಮ್ಮನೆ ಕೂತ ಇನ್ನೊಂದು ಗುಂಪು ಇರಲಿಲ್ಲ, ಉಳಿದವರಲ್ಲಿ ಅದು ಇಳಿಯಲೂ ಇಲ್ಲ. ಇದಕ್ಕಿಂತ ಗಟ್ಟಿಯಾದದ್ದು ಹಾಂಗ್‌ಕಾಂಗಿನದು, 2017ರಲ್ಲಿ ಪ್ರಕಟವಾದದ್ದು. ಖಿನ್ನತೆಯ 106 ಹೊರರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಣ್ಣಿನ ಚಿಕಿತ್ಸೆ, ಇನ್ನೊಂದಕ್ಕೆ ಬೇರೆ ಚಿತ್ರಕಲೆ ಕೊಟ್ಟರು. ವಾರಕ್ಕೊಮ್ಮೆ ಎರಡೂವರೆ ಗಂಟೆ, ಒಟ್ಟು 6 ವಾರ. ಮಣ್ಣಿನ ಗುಂಪಿನವರ ಖಿನ್ನತೆ ಹೆಚ್ಚು ಇಳಿಯಿತು. ಗಮನಿಸಿ, ಆರು ವಾರ. ಒಂದು ಭಾನುವಾರದ ಮಧ್ಯಾಹ್ನ ಅಲ್ಲ. ಮಾತ್ರೆ ಬಿಟ್ಟು ಮಣ್ಣು ಹಿಡಿಯಿರಿ ಎಂದು ಈ ಎರಡೂ ಕಡೆ ಯಾರೂ ಹೇಳಿಲ್ಲ.

ಮನೆಯಲ್ಲಿ ಒಬ್ಬರೇ ಮಾಡಬಹುದೇ ಎಂಬ ಪ್ರಶ್ನೆಗೆ ಬರುತ್ತೇನೆ. ಮಾಡಬಹುದು. ಆದರೆ ಈ ವಾರ ಬೇಡ. ಡಾಕ್ಟರನ್ನು ಕಂಡು, ನಿದ್ದೆ ಒಂದು ಹದಕ್ಕೆ ಬಂದ ಮೇಲೆ ಶುರು ಮಾಡಿ.

ಪಕ್ಕದ ಮನೆಯವರ ಗದ್ದೆ ಮಣ್ಣು ಬೇಡವೇ ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಕರಾವಳಿಯ ಹಸಿ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಮೆಲಿಯೊಯ್ಡೋಸಿಸ್ ಎಂಬ ಕಾಯಿಲೆಯ ಬ್ಯಾಕ್ಟೀರಿಯಾ ಇರುತ್ತದೆ. ಮಣಿಪಾಲದ ವೈದ್ಯರು ಈ ಕಾಯಿಲೆಯ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಅದು ಕೈಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗುತ್ತದೆ, ಮಳೆಗಾಲದಲ್ಲಿ ಹೆಚ್ಚು. ಶುಗರ್ ಇದ್ದವರನ್ನೇ ಜಾಸ್ತಿ ಹಿಡಿಯುತ್ತದೆ, ಹಿಡಿದರೆ ಜೀವಕ್ಕೇ ಅಪಾಯ. ಇಲಿಜ್ವರದ ಭಯ ಬೇರೆ. ಗದ್ದೆ ಕೆಲಸ ಮಾಡುವವರಿಗೆ ಬೇರೆ ದಾರಿಯಿಲ್ಲ, ನಿಮಗಿದೆ. ಸೋಸಿ ಹದ ಮಾಡಿ ಪ್ಯಾಕ್ ಮಾಡಿದ ಜೇಡಿಮಣ್ಣು ಕಲಾಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಬಳಸುವಾಗಲೂ ಬೆರಳಿನಲ್ಲಿ ಗಾಯ, ಉಗುರಿನ ಪಕ್ಕ ಸೀಳು ಇದ್ದರೆ ಆ ದಿನ ಮುಟ್ಟಬೇಡಿ. ಮಳೆಗಾಲದಲ್ಲಿ ಕಟ್ಟಿಟ್ಟ ಮಣ್ಣಿಗೆ ಬೂಸಲು ಬರುವುದು ಸಾಮಾನ್ಯ. ಉಬ್ಬಸ ಇರುವವರು ಅಂಥದ್ದನ್ನು ಎಸೆಯುವುದೇ ಒಳ್ಳೆಯದು. ಒಣಗಿದ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಪೊರಕೆಯಿಂದ ಗುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಅರ್ಧ ಕೆಜಿ ಮಣ್ಣು ಸಾಕು. ಬೆಳಕಿರುವ ಹೊತ್ತಿನಲ್ಲಿ ಕುಳಿತುಕೊಳ್ಳಿ, ರಾತ್ರಿ ಮಲಗುವ ಮೊದಲು ಬೇಡ. ಕಣ್ಣು ತೆರೆದೇ ಇರಲಿ, ಪಾದ ನೆಲಕ್ಕೆ ತಾಗಿರಲಿ. ಮೊಬೈಲಿನಲ್ಲಿ 20 ನಿಮಿಷದ ಅಲಾರಂ ಇಡಿ. ಏನು ಮಾಡಬೇಕೆಂದು ತೋಚದಿದ್ದರೆ ಒಂದು ಬಟ್ಟಲು ಮಾಡಿ: ಉಂಡೆ ಕಟ್ಟಿ, ಹೆಬ್ಬೆರಳು ಇಳಿಸಿ, ತಿರುಗಿಸುತ್ತಾ ಗೋಡೆಯನ್ನು ಸಮ ಮಾಡುತ್ತಾ ಬನ್ನಿ. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಬೆರಳು ಹುಡುಕುವಾಗ ಮನಸ್ಸಿಗೆ ಬೇರೆಡೆ ಓಡಲು ಪುರುಸೊತ್ತು ಸಿಗುವುದಿಲ್ಲ. ಅತ್ತೆ ನೆನಪಾದರೆ ಆಗಲಿ. ನೆನಪನ್ನು ಕರೆಯುವುದೂ ಬೇಡ, ಓಡಿಸುವುದೂ ಬೇಡ. ಮುಗಿದ ಮೇಲೆ ಒಂದು ಪುಸ್ತಕದಲ್ಲಿ ಎರಡು ಮೂರು ಸಾಲು ಬರೆಯಿರಿ. ಕೈ ಏನು ಮಾಡಿತು, ಏನು ನೆನಪಾಯಿತು, ಅಷ್ಟೇ. ಅರ್ಥ ಬರೆಯಲು ಹೋಗಬೇಡಿ. ತಿಂಗಳು ಬಿಟ್ಟು ಓದಿದಾಗ ನಿಮಗೇ ಏನಾದರೂ ಕಾಣಬಹುದು, ಕಾಣದೆಯೂ ಇರಬಹುದು.

ಮಾಡಿದ್ದನ್ನು ಸುಡುವ ಆಸೆ ಬಂದರೆ ಅಡುಗೆಮನೆಯ ಓವನ್‌ನಲ್ಲಿ ಆಗುವುದಿಲ್ಲ. ಮಣ್ಣು ಮಡಕೆಯಾಗಲು 600 ಡಿಗ್ರಿಗೂ ಮೇಲಿನ ಬಿಸಿ ಬೇಕು. ಕೈ, ಪಾತ್ರೆ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಮಣ್ಣು ಕೂತು ಪ್ಲಂಬರನ್ನು ಕರೆಸಬೇಕಾಗುತ್ತದೆ. ಬಕೆಟಿನಲ್ಲಿ ತೊಳೆದು ತೆಂಗಿನ ಬುಡಕ್ಕೆ ಹಾಕಿ.

ಕೂತಾಗ ಎದೆ ಡವಡವ ಎನ್ನುವುದು, ಕೈ ಮರಗಟ್ಟುವುದು, ಎಲ್ಲಿದ್ದೇನೆ ಎಂಬುದೇ ಮರೆತ ಹಾಗಾಗುವುದು ಇದ್ದರೆ ಅಲ್ಲಿಗೇ ನಿಲ್ಲಿಸಿ. ತಣ್ಣೀರಿನಲ್ಲಿ ಕೈ ತೊಳೆದು ಹೊರಗೆ ಬನ್ನಿ, ಯಾರ ಹತ್ತಿರವಾದರೂ ಮಾತಾಡಿ. ಅಳು ಬಂದರೆ ನಿಲ್ಲಿಸಬೇಕಾಗಿಲ್ಲ. ಆದರೆ ಪ್ರತಿ ಸಲ ಎದ್ದ ಮೇಲೆ ಮನಸ್ಸು ಇನ್ನಷ್ಟು ಭಾರವಾಗಿ ಮರುದಿನದವರೆಗೂ ಹಾಗೇ ಉಳಿದರೆ ಒಬ್ಬರೇ ಮಾಡುವುದನ್ನು ಬಿಡಿ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಒಬ್ಬರೇ ಮಾಡುವುದು ಬೇಡ ಅನ್ನಿಸಿದರೆ ಬರೀ ಮಡಕೆ ಮಾಡಲು ಕಲಿಸುವ ಕ್ಲಾಸಿಗೆ ಸೇರಬಹುದು. ನನಗೆ ಕೇಳಿದರೆ ನಿಮಗೆ ಈಗ ಇದೇ ಒಳ್ಳೆಯದು. ಅಲ್ಲಿ ಯಾರೂ ನಿಮ್ಮ ಮನಸ್ಸಿನೊಳಗೆ ಇಣುಕುವುದಿಲ್ಲ. ಗೋಡೆ ಸೊಟ್ಟಗಾಗಿದೆ, ನೀರು ಜಾಸ್ತಿಯಾಗಿದೆ ಅನ್ನುತ್ತಾರೆ. ವಾರಕ್ಕೊಮ್ಮೆ ಮನೆಯಿಂದ ಹೊರಗೆ ಹೋಗುವ ನೆಪ, ನಾಲ್ಕು ಜನರ ಒಡನಾಟ, ಕೈಗೆ ಒಂದು ವಿದ್ಯೆ. 4 ವರ್ಷ ಮನೆಯೊಳಗೇ ಇದ್ದವರಿಗೆ ಇದು ಸಣ್ಣದೇನಲ್ಲ. ಕುಂಬಾರರು ತಿಗರಿ ತಿರುಗಿಸುವುದನ್ನು ಒಮ್ಮೆ ಕೂತು ನೋಡಿ ಬರಬೇಕು ಅನ್ನಿಸಿದರೆ ಮಂಗಳೂರಿನ ಪಿಲಿಕುಳಕ್ಕೆ ಹೋಗಿ, ಅಲ್ಲಿನ ಕುಶಲಕರ್ಮಿಗಳ ಗ್ರಾಮದಲ್ಲಿ ಆ ಕೆಲಸ ಕಾಣಸಿಗುತ್ತದೆ. ಕಷ್ಟ ಅಂದರೆ, ಕ್ಲಾಸಿನಲ್ಲಿ ಕೂತಾಗ ದುಃಖ ಒತ್ತಿ ಬಂದರೆ ಸಂಭಾಳಿಸುವುದು ಅವರಿಗೆ ಗೊತ್ತಿರುವುದಿಲ್ಲ. ನಾದಿನಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಆ ಶಿಬಿರಕ್ಕೆ ಕರೆದದ್ದಕ್ಕೆ ಅವಳ ಮೇಲೆ ಬೇಸರ ಇಟ್ಟುಕೊಳ್ಳಬೇಡಿ. ನೀವು ಮಂಕಾಗಿರುವುದನ್ನು ಗಮನಿಸಿದವಳು ಅವಳೊಬ್ಬಳೇ ಇರಬೇಕು. ಹೋದದ್ದು ಅವಳ ತಾಯಿ ಕೂಡ, ಅಲ್ವಾ?

ಮಣ್ಣನ್ನು ಚಿಕಿತ್ಸೆಯ ಹಾಗೆಯೇ ಬಳಸಬೇಕೆಂದರೆ ಅದನ್ನು ಕಲಿತವರ ಹತ್ತಿರ ಒಬ್ಬೊಬ್ಬರಾಗಿ ಕೂತು ಮಾಡಬೇಕು. ಖರ್ಚು ಜಾಸ್ತಿ. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಇಂಥವರು ಕಡಿಮೆ, ಮಂಗಳೂರು, ಮಣಿಪಾಲದಲ್ಲೇ ಹುಡುಕಬೇಕಾಗುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ನೋಡಿ. ಕಲಾಚಿಕಿತ್ಸೆ ಮಾಡುತ್ತೇನೆ ಅನ್ನುವವರಾದರೆ ಎಲ್ಲಿ ಕಲಿತಿರಿ, ಎಷ್ಟು ಕಾಲ ಕಲಿತಿರಿ ಎಂದು ಕೇಳಿ. ವಾರಾಂತ್ಯದ ಸರ್ಟಿಫಿಕೇಟ್ ಹಿಡಿದು ಗುಂಪು ನಡೆಸುವವರು ಈಗ ಎಲ್ಲ ಕಡೆ ಇದ್ದಾರೆ. ನನ್ನ ಡಾಕ್ಟರ ಹತ್ತಿರ ಮಾತಾಡುತ್ತೀರಾ, ನಾನು ಹೇಳಿದ್ದು ಬೇರೆಯವರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತೀರಾ, ಮಾಡಿದ ವಸ್ತುವಿನ ಫೋಟೋ ತೆಗೆದು ಎಲ್ಲಾದರೂ ಹಾಕುತ್ತೀರಾ, ಇದನ್ನೆಲ್ಲ ಮೊದಲ ದಿನವೇ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರೆ ಎದ್ದು ಬನ್ನಿ.